ಶಂಕರಲಿಂಗ ಬರೆದುಕೊಟ್ಟ ದಾರಿ

ಶಂಕರಲಿಂಗ ಹೊಸಮನಿ ತೀರಿಕೊಂಡ. 2008ರ ನವೆಂಬರ್ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಹನ್ನೊಂದೂವರೆಗೆ, ಕಲ್ಕತ್ತೆಯ ಬೆಹಾಲಾದ ಬಾಡಿಗೆ ಮನೆಯಲ್ಲಿ. ಐವತ್ತೆಂಟು ವರ್ಷವಾಗಿತ್ತು. ಹೃದಯ ನಿಂತಿತು ಎಂದರು ಡಾಕ್ಟರು.

ನಾವಿಬ್ಬರೂ ಒಂದೇ ವರ್ಷ, 1979ರಲ್ಲಿ, ಗಾರ್ಡನ್ ರೀಚ್‌ನ ರೈಲ್ವೆ ಕಚೇರಿಗೆ ಬಂದವರು. ನಾನು ಸಿಬ್ಬಂದಿ ವಿಭಾಗಕ್ಕೆ, ಅವನು ವೇಳಾಪಟ್ಟಿ ವಿಭಾಗಕ್ಕೆ. ನಾನು ನಂಜನಗೂಡಿನವನು, ಅವನು ಅಣ್ಣಿಗೇರಿಯವನು. ಮೊದಲ ಆರು ತಿಂಗಳು ನನ್ನ ಕನ್ನಡ ಕೇಳಿದರೆ ಅವನಿಗೆ ನಗು, ಅವನ ಕನ್ನಡ ಕೇಳಿದರೆ ನನಗೆ ಗಾಬರಿ. ಆಮೇಲೆ ಇಪ್ಪತ್ತೊಂಬತ್ತು ವರ್ಷ ದಿನ ಬಿಟ್ಟು ದಿನ ಒಬ್ಬರನ್ನೊಬ್ಬರು ನೋಡಿದ್ದೇವೆ.

ಅವನ ವಿಭಾಗದವರಿಗೆಲ್ಲ ವೇಳಾಪಟ್ಟಿ ಎಂದರೆ ಕೆಲಸ. ಇವನಿಗೆ ಅದು ಪುರಾಣ. ಯಾವ ಗಾಡಿ ಯಾವ ನಿಲ್ದಾಣದಲ್ಲಿ ಯಾವುದಕ್ಕಾಗಿ ಕಾಯುತ್ತದೆ, ಯಾವುದು ಯಾವುದನ್ನು ಮುಂದೆ ಬಿಡುತ್ತದೆ ಎಂಬುದನ್ನು ದಾಯಾದಿಗಳ ಜಗಳ ಹೇಳಿದ ಹಾಗೆ ಹೇಳುತ್ತಿದ್ದ. ಕಲ್ಕತ್ತೆಯ ಕನ್ನಡದವರು ಊರಿಗೆ ಹೊರಡುವ ಮೊದಲು ಅವನನ್ನು ಕೇಳುವುದು ರೂಢಿಯಾಯಿತು. ಅವನು ಹಳೆಯ ವೇಳಾಪಟ್ಟಿಯ ಹಿಂಬದಿಯಲ್ಲಿ ಒಂದು ಚೀಟಿ ಬರೆದುಕೊಡುತ್ತಿದ್ದ. ಚೀಟಿ ಬರೆಯುವ ಮುಂಚೆ ಪ್ರಶ್ನೆಗಳಿರುತ್ತಿದ್ದವು. ಯಾರ್ಯಾರು ಹೊಂಟೀರಿ, ಮಂಡಿನೋವು ಯಾರಿಗೈತಿ, ಸಾಮಾನು ಎಷ್ಟೈತಿ. ಕೊನೆಗೆ ಯಾಕ ಹೊಂಟೀರಿ.

ನಮ್ಮ ಕನ್ನಡ ಸಂಘದ ಒಬ್ಬ ಹೆಂಗಸು ಒಮ್ಮೆ ಮುನಿಸಿಕೊಂಡು, "ಯಾಕೆ ಹೋಗ್ತೀವಿ ಅನ್ನೋದು ನಿಮಗ್ಯಾಕ್ರೀ?" ಎಂದರು.

"ಹಂಗಲ್ರೀ ಅಕ್ಕಾರ, ಮದಿವಿಗೆ ಹೋಗಾವ್ರಿಗೆ ಒಂದ ಗಾಡಿ, ಮಣ್ಣಿಗೆ ಹೋಗಾವ್ರಿಗೆ ಒಂದ ಗಾಡಿ. ಮದಿವಿಗೆ ಆರಾಮ ಮುಟ್ಟಬೇಕು, ಮಣ್ಣಿಗೆ ಲಗೂನ ಮುಟ್ಟಬೇಕು. ನೀವು ಯಾವದಕ್ಕ ಹೊಂಟೀರಿ?"

"ನಾದಿನಿ ಮನೆಗೆ."

"ಹಂಗಾದ್ರ ತಡಾ ಆದರೂ ನಡೀತೈತಿ, ಬಿಡ್ರಿ."

ಆ ಚೀಟಿಗಳು ಹೀಗಿರುತ್ತಿದ್ದವು: ಹೌರಾದಲ್ಲಿ ಹೊಸ ಕಟ್ಟಡಕ್ಕೆ ಹೋಗಿರಿ, ಹಳೆಯದಕ್ಕಲ್ಲ. ಇಂಥ ಕಡೆ ಹತ್ತು ನಿಮಿಷ ನಿಲ್ಲುತ್ತದೆ, ಚಹಾ ಬೇಡ, ಮೊಸರನ್ನ ಚಲೋ. ಇಂಥ ಕಡೆ ಮೆಟ್ಟಿಲು ಬಹಳ, ಹಿಂದಿನ ಡಬ್ಬಿಯಲ್ಲಿದ್ದರೆ ನಡಿಗೆ ಕಡಿಮೆ. ಕೊನೆಯ ಸಾಲು ಯಾವಾಗಲೂ ಕಿಟಕಿ. ಎಡಗಡೆಯದೋ ಬಲಗಡೆಯದೋ, ಕೂತರೆ ಏನು ಕಾಣುತ್ತದೆ.

ಇದಕ್ಕೆ ಅವನು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದೇ ಕರಾರು. ಹೋಗಿ ಬಂದವರು ಒಂದು ವಾಪಸ್ ಚೀಟಿ ಬರೆದು ಕೊಡಬೇಕು. ಗಾಡಿ ಎಷ್ಟು ತಡವಾಯಿತು, ಎಲ್ಲಿ ನಲ್ಲಿ ಕೆಟ್ಟಿದೆ, ಯಾವ ಪ್ಲಾಟ್‌ಫಾರಂ ಬದಲಾಯಿತು, ಕಂಡದ್ದು ಕಂಡಹಾಗೆ. ಅವನ್ನೆಲ್ಲ ಬಿಸ್ಕತ್ತಿನ ಡಬ್ಬಿಗಳಲ್ಲಿ ಊರುವಾರು ಜೋಡಿಸಿ ಇಟ್ಟಿದ್ದ. ಇಷ್ಟೆಲ್ಲ ಮಾಡುವವನು ತಾನು ಮಾತ್ರ ಮೂರು ವರ್ಷಕ್ಕೊಮ್ಮೆ ಊರಿಗೆ ಹೋದರೆ ಹೆಚ್ಚು. ಅವನ ಹೆಂಡತಿ ತುಂಗಮ್ಮ ಹೇಳುತ್ತಿದ್ದರು: "ನಮ್ಮ ಮನಿಯವರು ಊರಿಗೆ ಹೋಗೂದಿಲ್ರಿ. ಊರಿಗೆ ಹೋಗೂದನ್ನ ಬರೀತಾರ."

2004ರಲ್ಲಿ ನವೀನ ಬಂದ. ಬೆಂಗಳೂರಿನ ಹುಡುಗ, ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಕೆಲಸ. ಆಗ ಅಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ತಾಯಿಯನ್ನು ಪುರಿಗೆ ಕರೆದೊಯ್ಯಲು ಅವನು ಶಂಕರಲಿಂಗನಿಂದ ಚೀಟಿ ಬರೆಸಿಕೊಂಡಿದ್ದ. ಹೋಗಿ ಬಂದವನು ವಾಪಸ್ ಚೀಟಿ ಕೊಡಲು ಮನೆಗೆ ಬಂದು, ಡಬ್ಬಿಗಳನ್ನು ನೋಡಿ, ನೆಲದ ಮೇಲೆ ಕೂತುಬಿಟ್ಟ.

"ಸರ್, ಇದು ಡೇಟಾಬೇಸು. ನಿಮಗೆ ಗೊತ್ತಾ, ಇದು ಡೇಟಾಬೇಸು!"

"ಬಿಸ್ಕೀಟಿನ ಡಬ್ಬಿ ಅದು" ಎಂದರು ತುಂಗಮ್ಮ. "ಒಂದರೆ ಖಾಲಿ ಮಾಡಿ ಕೊಡ ಅನ್ನು, ಬ್ಯಾಳಿ ಹಾಕಾಕ ಬೇಕಾಗೈತಿ."

ನವೀನ ರಜೆಯ ದಿನಗಳಲ್ಲಿ ಬಂದು ವೆಬ್‌ಸೈಟ್ ಕಟ್ಟಿದ. ಹೆಸರು 'ಚೀಟಿ'. ಎಲ್ಲಿಂದ, ಎಲ್ಲಿಗೆ, ಯಾವಾಗ, ಯಾರು, ಯಾಕೆ ಎಂದು ತುಂಬಿ ಕಳಿಸಿದರೆ ಮರುದಿನದೊಳಗೆ ಶಂಕರಲಿಂಗ ಎರಡು ಬೆರಳಿನಲ್ಲಿ ಟೈಪು ಮಾಡಿದ ಉತ್ತರ ಹೋಗುತ್ತಿತ್ತು. ಮೊದಲು ಕಲ್ಕತ್ತೆಯವರು ಕೇಳಿದರು, ಆಮೇಲೆ ಜಮ್ಷೆಡ್‌ಪುರ, ಭಿಲಾಯಿ, ಆಮೇಲೆ ಹೆಸರೇ ಕೇಳದ ಊರುಗಳವರು. ಪಕ್ಕದ ಮನೆಯ ಬಂಗಾಳಿ ಮುದುಕರು "ಶೊಂಕೊರ್‌ದಾಗೆ ಈಗ ಇಡೀ ಇಂಡಿಯಾ ಪತ್ರ ಬರೆಯುತ್ತೆ" ಎಂದು ಪಾಡಾದ, ಅಂದರೆ ನಮ್ಮ ಓಣಿಯ, ಕ್ಲಬ್ಬಿನಲ್ಲಿ ಹೇಳಿಕೊಂಡು ತಿರುಗಿದರು.

ಅದೇ ಹೊತ್ತಿಗೆ ಕಚೇರಿಯಲ್ಲಿ ಅವನನ್ನು ವೇಳಾಪಟ್ಟಿಯಿಂದ ಉಗ್ರಾಣ ವಿಭಾಗಕ್ಕೆ ಹಾಕಿದರು. ಮೂರು ತಿಂಗಳು ಹೋದ. ನಾಲ್ಕನೆಯ ತಿಂಗಳು ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟು ನನ್ನ ಮೇಜಿನ ಮುಂದೆ ಬಂದು ನಿಂತ. "ಬೋಲ್ಟ್ ಎಣಸಾಕ ನಾ ಅಣ್ಣಿಗೇರಿಯಿಂದ ಬಂದಿಲ್ಲೋ ರಾಮಕೃಷ್ಣ. ನನ್ನ ಕೆಲಸ ನಾ ಮನ್ಯಾಗ ಕೂತು ಮಾಡತೇನಿ."

ಅರ್ಜಿ ನನ್ನ ಕೈಯಿಂದಲೇ ಹೋಗಬೇಕಿತ್ತು. ಎರಡು ದಿನ ಹಿಡಿದಿಟ್ಟುಕೊಂಡೆ. ಮೂರನೆಯ ದಿನ ಅವನೇ ಬಂದು ಡ್ರಾಯರ್ ತೆಗೆದು ಕಡತದಲ್ಲಿಟ್ಟ.

ಒಂದು ಚೀಟಿಗೆ ಐವತ್ತು ರೂಪಾಯಿ ಎಂದು ಸೈಟಿನಲ್ಲಿ ಬರೆದಿತ್ತು. ಜನ ಚೀಟಿ ತೆಗೆದುಕೊಂಡು ಉದ್ದುದ್ದ ಧನ್ಯವಾದ ಕಳಿಸುತ್ತಿದ್ದರು. ಐವತ್ತು ರೂಪಾಯಿ ಕಳಿಸುವವರು ಕಡಿಮೆ. ಮಗಳು ಸ್ಫೂರ್ತಿ ಇಂಜಿನಿಯರಿಂಗ್ ಸೇರಿದ್ದಳು. ಅಪ್ಪನನ್ನು ಕಂಡರೆ ಅವಳಿಗೆ ಪ್ರಾಣ. ಆದರೂ ಒಂದು ದಿನ ನನ್ನೆದುರೇ, "ಅಪ್ಪಾ, ಇಟ್ಸ್ ಅ ಹಾಬಿ, ನಾ? ಬಿಸಿನೆಸ್ ಅಂತ ಯಾಕೆ ಬೋಲ್ತೀರಿ?" ಎಂದಳು. ಕಲ್ಕತ್ತೆಯಲ್ಲಿ ಹುಟ್ಟಿದ ಹುಡುಗಿ, ಅವಳ ಕನ್ನಡ ಹಾಗೆ. ಅವನು ನಕ್ಕ. ಆದರೆ ಆ ದಿನ ಊಟಕ್ಕೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

2006ರ ದುರ್ಗಾಪೂಜೆಯ ಮುಂಚೆ ಒಂದು ಪ್ರವಾಸ ಕಂಪನಿಯವರು ನವೀನನ ಮೂಲಕ ಬಂದರು. ಸೈಟನ್ನು ಅವರು ದೊಡ್ಡದು ಮಾಡುತ್ತಾರೆ, ತಿಂಗಳಿಗೆ ಇಷ್ಟು ಎಂದು ಕೊಡುತ್ತಾರೆ. ಚೀಟಿ ಬರೆಯುವವನು ಇವನೇ. ಬದಲಿಗೆ ಗಾಡಿ ಬದಲಿಸುವ ಕಡೆ ಅವರ ಪಟ್ಟಿಯಲ್ಲಿ ಹೋಟೆಲು ಇದ್ದರೆ ಅಲ್ಲಿ ತಂಗುವ ದಾರಿಯನ್ನೇ ಬರೆಯಬೇಕು. ಅಷ್ಟೇ.

ಅವನು ಒಂದು ವಾರ ಉತ್ತರ ಕೊಡಲಿಲ್ಲ. ನನ್ನನ್ನು ಕೇಳಿದ. ಬಿಬಿಡಿ ಬಾಗ್‌ನಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಇಬ್ಬರೂ ಟ್ರಾಮಿನಲ್ಲಿ ಮರಳುತ್ತಿದ್ದೆವು. ನಾನು ಹೇಳಿದ್ದು ಇದು, ಮರೆತಿಲ್ಲ: "ಒಪ್ಕೋ ಮಾರಾಯ. ಹೋಟೆಲಿನಲ್ಲಿ ಒಂದು ರಾತ್ರಿ ಮಲಗಿದರೆ ಯಾರೂ ಸಾಯಲ್ಲ. ಮಗಳ ಓದು ಮುಗೀಲಿ, ಆಮೇಲೆ ನಿನ್ನ ಮೊಸರನ್ನ, ಕಿಟಕಿ ಎಲ್ಲಾ ಬರಿ."

"ಅಂದ್ರ ಗಾಡಿ ಇದ್ದರೂ ಇಲ್ಲ ಅನಬೇಕೇನು?"

"ಇಲ್ಲ ಅನ್ನಬೇಡ. ಹೇಳಬೇಡ, ಅಷ್ಟೇ."

ಅವನು ಹೊರಗೆ ನೋಡಿದ. ಟ್ರಾಮು ಮೈದಾನದ ಪಕ್ಕ ಹೋಗುತ್ತಿತ್ತು. "ನೀ ಸಿಬ್ಬಂದಿ ವಿಭಾಗದಾಗ ಬಾಳ ದಿವಸ ಇದ್ದಿ" ಎಂದ. ಮರುದಿನ ಒಪ್ಪಿಕೊಂಡ.

ಮನೆಗೆ ಹೊಸ ಕಂಪ್ಯೂಟರ್ ಬಂತು, ಫ್ರಿಜ್ ಬಂತು. ಸ್ಫೂರ್ತಿಯ ಫೀಸು ಹೊತ್ತಿಗೆ ಸರಿಯಾಗಿ ಹೋಯಿತು. ದಿನಕ್ಕೆ ಮೂವತ್ತು ನಲವತ್ತು ಚೀಟಿ. ಕಂಪನಿಯವರು ಸೈಟಿನ ಪ್ರಶ್ನೆಗಳನ್ನು ಕತ್ತರಿಸಿ ಮೂರು ಉಳಿಸಿದರು: ಎಲ್ಲಿಂದ, ಎಲ್ಲಿಗೆ, ಯಾವಾಗ.

"ಯಾಕ ಹೊಂಟೀರಿ ಅಂತ ಕೇಳಾಕ ಜಾಗಾನ ಇಲ್ಲಲ್ಲೋ ತಮ್ಮಾ" ಎಂದ ನವೀನನಿಗೆ.

"ಅಂಕಲ್, ಮೂರಕ್ಕಿಂತ ಜಾಸ್ತಿ ಕೇಳಿದ್ರೆ ಜನ ಪೇಜ್ ಬಿಟ್ಟು ಹೋಗ್ತಾರೆ."

ಕಿಟಕಿಯ ಸಾಲನ್ನೂ ತೆಗೆದರು. ವಾಪಸ್ ಚೀಟಿಯನ್ನು ಮಾತ್ರ ಅವನು ಬಿಡಲಿಲ್ಲ. ಪ್ರತಿ ಉತ್ತರದ ಕೆಳಗೆ ಬೆಹಾಲಾದ ವಿಳಾಸ ಹಾಕಿ, ಹೋಗಿ ಬಂದ ಮೇಲೆ ಬರೆಯಿರಿ ಎಂದು ಸೇರಿಸುತ್ತಿದ್ದ. ಅದಕ್ಕೆ ಖರ್ಚಿಲ್ಲವೆಂದು ಅವರೂ ಸುಮ್ಮನಿದ್ದರು.

2007ರ ಫೆಬ್ರವರಿಯಲ್ಲಿ ಹೊನ್ನಪ್ಪನವರ ಕೋರಿಕೆ ಬಂತು. ಹೊನ್ನಪ್ಪ ಸಾಲ್ಟ್ ಲೇಕಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದರು. ಅವರ ಹೆಂಡತಿ ಶಾಂತಮ್ಮ ಚಿತ್ರದುರ್ಗದವರು. ಶಾಂತಮ್ಮನ ತಂಗಿಯ ಮಗಳು ಅಪೂರ್ವಾ ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು, ಇವರ ಮನೆಯಲ್ಲಿದ್ದು ಓದಿದವಳು. ಅವಳ ಮದುವೆ. ಧಾರೆ ಎರೆದು ಕೊಡಬೇಕಾದವರು ಇವರಿಬ್ಬರೇ. ಬಜೆಟ್ಟಿನ ಹೊತ್ತು, ಹೊನ್ನಪ್ಪನವರಿಗೆ ರಜೆ ಮಂಜೂರಾದದ್ದು ಕಡೆ ಗಳಿಗೆಯಲ್ಲಿ. ಅವಸರದಲ್ಲಿ ಕಚೇರಿಯಿಂದಲೇ ಸೈಟಿನಲ್ಲಿ ಮೂರು ಪ್ರಶ್ನೆಗೂ ಉತ್ತರ ತುಂಬಿ ಕಳಿಸಿದರು. ಹೌರಾ, ಚಿತ್ರದುರ್ಗ, ತಾರೀಖು.

ನಡುವೆ ಒಂದು ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕು. ಅದರ ಹೆಸರು ಬರೆಯುವುದಿಲ್ಲ. ಆ ಊರಿನದಾಗಲಿ ಅಲ್ಲಿಯ ಹೋಟೆಲಿನದಾಗಲಿ ಏನೂ ತಪ್ಪಿಲ್ಲ. ಮಧ್ಯಾಹ್ನ ಮೂರಕ್ಕೆ ಅಲ್ಲಿಗೆ ಮುಟ್ಟಿದರೆ, ನಾಲ್ಕು ಹತ್ತಕ್ಕೆ ಚಿತ್ರದುರ್ಗದ ಕಡೆ ಒಂದು ಪ್ಯಾಸೆಂಜರ್ ಇತ್ತು. ಕುಂಟುತ್ತ ಹೋದರೂ ಅದೇ ದಿನ ಊರು ಸೇರಿಸುವ ಗಾಡಿ. ಹೊರಗಿನವರಿಗೆ ಅದು ಇರುವುದೇ ಗೊತ್ತಿರಲಿಲ್ಲ. ಶಂಕರಲಿಂಗನಿಗೆ ಗೊತ್ತಿತ್ತು. ಮರುದಿನ ಬೆಳಗಿನ ಗಾಡಿ ಏಳೂವರೆಗೆ ಮುಟ್ಟಬೇಕಾದದ್ದು ಆ ಚಳಿಗಾಲವಿಡೀ ಹೊತ್ತಿಗೆ ಬಂದಿಲ್ಲ ಎಂಬುದೂ ಗೊತ್ತಿತ್ತು, ಡಬ್ಬಿಯಲ್ಲಿ ಐದು ವಾಪಸ್ ಚೀಟಿಗಳಿದ್ದವು. ಅವನು ಬರೆದದ್ದು: ಜಂಕ್ಷನ್ನಿನಲ್ಲಿ ಹೋಟೆಲಿನಲ್ಲಿ ತಂಗಿರಿ, ಬೆಳಗಿನ ಗಾಡಿ ಹಿಡಿಯಿರಿ, ಏಳೂವರೆಗೆ ಚಿತ್ರದುರ್ಗ.

ಮರೆತಿದ್ದ ಎಂದು ನಾನು ಬರೆದರೆ ಅವನಿಗೆ ಸಿಟ್ಟು ಬರುತ್ತಿತ್ತು. "ಮರತಿದ್ದಿಲ್ಲೋ. ಬರೀಲಿಲ್ಲ" ಎಂದು ಆಮೇಲೆ ಅವನೇ ಹೇಳಿದ್ದಾನೆ.

ಹದಿನೈದು ದಿನ ಬಿಟ್ಟು ಅಂಚೆಯಲ್ಲಿ ಶಾಂತಮ್ಮನ ವಾಪಸ್ ಚೀಟಿ ಬಂತು. ಅವನು ಅದನ್ನು ಹಿಡಿದುಕೊಂಡು ನಮ್ಮ ಮನೆಗೇ ಬಂದ. ಇಂಕಿನಲ್ಲಿ ಬರೆದ ದುಂಡಗಿನ ಅಕ್ಷರ:

"ಹೌರಾದಿಂದ ಜಂಕ್ಷನ್‌ವರೆಗೆ ಸರಿಯಾದ ಸಮಯ. ಹೋಟೆಲ್ ಚೆನ್ನಾಗಿತ್ತು, ಬಿಸಿನೀರು ಬಂತು. ಬೆಳಗಿನ ಗಾಡಿ ಮೂರೂವರೆ ಗಂಟೆ ತಡ. ಮುಹೂರ್ತ 9.40ಕ್ಕೆ ಇತ್ತು. ನಾವು ಮುಟ್ಟಿದಾಗ ಊಟದ ಎಲೆ ಹಾಕಿದ್ದರು. ವಂದನೆಗಳು."

ನಾನು ಎರಡು ಸಲ ಓದಿದೆ. ಅದರಲ್ಲಿ ಒಂದು ಕಡೆಯೂ ದೂರು ಇಲ್ಲ. "ಗಾಡಿ ತಡವಾದರೆ ನೀನೇನು ಮಾಡ್ತೀಯ" ಎಂದೆ. ಅವನು ಚೀಟಿ ಇಸಿದುಕೊಂಡು ಮಡಿಚಿ ಜೇಬಿಗೆ ಹಾಕಿದ. ಆ ಭಾನುವಾರ ಇಬ್ಬರೂ ಸಾಲ್ಟ್ ಲೇಕಿಗೆ ಹೋದೆವು. ಎರಡು ಬಸ್ಸು ಬದಲಿಸಬೇಕು.

ಹೊನ್ನಪ್ಪ ಬಾಗಿಲು ತೆರೆದು, "ಓಹೋ, ಹೆಡ್ಡಾಫೀಸೇ ಮನೆಗೆ ಬಂತಲ್ಲಪ್ಪ! ಶಾಂತಾ, ಕಾಫಿ ಇಡು" ಎಂದರು. ಕಾಫಿಯ ಜೊತೆ ಒಂದು ತಟ್ಟೆ ಸಂದೇಶ್ ಮಿಠಾಯಿ ಬಂತು. ಶಂಕರಲಿಂಗ ಬಾಯಿ ತೆರೆಯುವ ಮೊದಲೇ ಹೊನ್ನಪ್ಪ ಶುರು ಮಾಡಿದರು.

"ನಾನು ಅಲ್ಲೇ ಬಡ್ಕೊಂಡೆ ಕಣ್ರೀ. ನಾಲ್ಕನೇ ಪ್ಲಾಟ್‌ಫಾರಂನಲ್ಲಿ ಚಿತ್ರದುರ್ಗದ ಬೋರ್ಡು ಹಾಕ್ಕೊಂಡು ಪ್ಯಾಸೆಂಜರ್ ನಿಂತಿದೆ, ಬಾ ಹತ್ತೋಣ ಅಂತ. ಇವಳು ಬಿಟ್ರೆ ತಾನೆ?"

"ಇವರಿಗೆ ನಿಂತಿರೋ ಗಾಡಿ ಎಲ್ಲಾ ಹತ್ತೋ ಚಪಲ" ಎಂದರು ಶಾಂತಮ್ಮ. "ಹೋದ ಸಲ ಹಿಂಗೇ ಹತ್ತಿ ಖರಗ್‌ಪುರದಲ್ಲಿ ಇಳಿದಿದ್ರು. ಶಂಕರಲಿಂಗ ಅವರ ಚೀಟೀಲಿ ಇಲ್ಲ ಅಂದ್ರೆ ಆ ಗಾಡೀಲಿ ಏನೋ ಐಬಿರುತ್ತೆ, ಸುಮ್ನೆ ಕೂತ್ಕೊಳ್ಳಿ ಅಂದೆ. ಇಬ್ರೂ ಬೆಂಚಿನ ಮೇಲೆ ಕೂತು ಅದು ಹೋಗೋದನ್ನ ನೋಡಿದ್ವಿ. ಖಾಲಿ ಇತ್ತು, ಪಾಪ."

ಶಂಕರಲಿಂಗ ಲೋಟ ಕೆಳಗಿಟ್ಟ. "ಆ ಗಾಡಿ ಚಲೋನ ಇತ್ರಿ ಅಕ್ಕಾರ. ನಾ ಬೇಕಂತ ಬರೀಲಿಲ್ಲ. ಬರದಿದ್ರ ನೀವು ಹೋಟೆಲಿನ್ಯಾಗ ಇಳಕೊಳ್ಳತಿದ್ದಿಲ್ಲ. ಹೋಟೆಲಿನವ್ರು ನನಗ ರೊಕ್ಕಾ ಕೊಡೂ ಮಂದಿಗೆ ಕೊಡ್ತಾರ."

ಹೊನ್ನಪ್ಪ ಹೆಂಡತಿಯ ಕಡೆ ನೋಡಿದರು. ಶಾಂತಮ್ಮ ಸೆರಗಿನಿಂದ ಮೇಜಿನ ಮೇಲಿನ ನೀರಿನ ಉಂಗುರ ಒರೆಸಿದರು, ಒಣಗಿದ ಮೇಲೂ ಒರೆಸಿದರು. "ಧಾರೆ ನಮ್ಮ ಓರಗಿತ್ತಿ ಎರೆದಳು" ಎಂದರು. "ಅವಳಿಗೂ ಹೆಣ್ಣುಮಕ್ಕಳಿಲ್ಲ. ಅಷ್ಟೇ ಸಮಾಧಾನ." ತಟ್ಟೆಯನ್ನು ಅವನ ಕಡೆ ಸರಿಸಿದರು. "ಮುಂದಿನ ಸಲ ಬರೀರಿ. ತಗೊಳ್ಳಿ, ನೊಣ ಕೂರುತ್ತೆ."

ಅವನು ಒಂದು ಸಂದೇಶ್ ತಿಂದ. ಕಷ್ಟಪಟ್ಟು ತಿಂದ.

ಮರುವಾರ ಕಂಪನಿಗೆ ಆಗುವುದಿಲ್ಲ ಎಂದು ಬರೆದ. ನವೀನ ಓಡಿಬಂದ. ಆ ಒಪ್ಪಂದ ತಂದವನು ಅವನು, ಅವನ ಮರ್ಯಾದೆ ಉಳಿಯಬೇಕಿತ್ತು.

"ಅಂಕಲ್, ಪ್ಯಾಷನ್ ಇರ್ಲಿ, ಬೇಡ ಅನ್ನಲ್ಲ. ಆದ್ರೆ ಸರ್ವರ್ ಬಾಡಿಗೆಗೆ ಪ್ಯಾಷನ್ ಕೊಟ್ರೆ ತಗೊಳ್ಳಲ್ಲ."

"ನಾ ರೊಕ್ಕಾ ಬ್ಯಾಡ ಅನ್ಲಿಲ್ಲೋ ತಮ್ಮಾ. ರೊಕ್ಕಾ ಕೊಟ್ಟಾಂವ ಚೀಟಿ ಬರಿಯೂದು ಬ್ಯಾಡ ಅಂದೆ."

"ಒಂದು ಮದುವೆಗೋಸ್ಕರ ಇಡೀ ಬಿಸಿನೆಸ್ಸಾ?"

"ಒಂದ ಮದಿವಿ ನಮಗ ಗೊತ್ತಾತು. ಉಳದವರು ವಾಪಸ್ ಚೀಟಿ ಬರದಿಲ್ಲ, ಅಷ್ಟ."

ಒಳಗಿನಿಂದ ತುಂಗಮ್ಮ ಕೇಳಿದರು: "ಫ್ರಿಜ್ ಏನ ವಾಪಸ್ ಒಯ್ಯಂಗಿಲ್ಲಲ್ಲ?" ಒಯ್ಯುವುದಿಲ್ಲ ಎಂದ ನವೀನ. "ಹಂಗಾದ್ರ ಊಟಕ್ಕ ಏಳ್ರಿ."

ಆಮೇಲಿನ ಒಂದೂ ಮುಕ್ಕಾಲು ವರ್ಷ ಸುಲಭವಾಗಿರಲಿಲ್ಲ. ಚೀಟಿಗಳು ಮತ್ತೆ ದಿನಕ್ಕೆ ಐದಾರಕ್ಕೆ ಇಳಿದವು. ಸ್ಫೂರ್ತಿ ಬ್ಯಾಂಕಿನಲ್ಲಿ ಸಾಲ ಎತ್ತಿ ಓದಿದಳು. ಇವನು ವಾರಕ್ಕೆ ಎರಡು ದಿನ ಬೌಬಜಾರಿನ ಒಂದು ಅಚ್ಚುಕೂಟಕ್ಕೆ ಹೋಗಿ ವೇಳಾಪಟ್ಟಿ ಪುಸ್ತಕಗಳ ಕರಡು ತಿದ್ದುತ್ತಿದ್ದ. ನವೀನ ಸ್ವಲ್ಪ ದಿನ ಮುಖ ತಿರುಗಿಸಿದ, ಆಮೇಲೆ ತಾನೇ ಬಂದು ಐದು ಪ್ರಶ್ನೆಗಳನ್ನೂ ಮತ್ತೆ ಹಾಕಿಕೊಟ್ಟ. ಈಗ ಐವತ್ತು ರೂಪಾಯಿ ಮೊದಲೇ ಕೊಡಬೇಕು, ಅದು ನವೀನನ ಹಟ. ಕೊಟ್ಟವರಿಗೆ ಕಿಟಕಿಯ ಸಾಲು ಮರಳಿ ಬಂತು. ಟ್ರಾಮಿನಲ್ಲಿ ನಾನು ಕೊಟ್ಟ ಸಲಹೆಯನ್ನು ಅವನು ಒಂದು ಸಲವೂ ಎತ್ತಲಿಲ್ಲ. ಸಂಘದಲ್ಲಿ ಯಾರಾದರೂ ದಾರಿ ಕೇಳಿದರೆ ಮಾತ್ರ, "ರಾಮಕೃಷ್ಣನ್ನ ಕೇಳಬ್ಯಾಡ್ರಿ, ಆಂವಾ ನಿಮ್ಮನ್ನ ಮಲಗಿಸ್ತಾನ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

2008ರ ನವೆಂಬರ್ ಹದಿಮೂರನೆಯ ತಾರೀಖು ಗುರುವಾರ ಶಾಂತಮ್ಮ ಅವನಿಗೆ ಫೋನ್ ಮಾಡಿದರು. ಅಪೂರ್ವಾಗೆ ಹೆಣ್ಣು ಮಗು, ಚಿತ್ರದುರ್ಗದಲ್ಲಿ ತೊಟ್ಟಿಲು ಹಾಕುವ ಕಾರ್ಯ. ಹೊನ್ನಪ್ಪನವರಿಗೆ ರಜೆ ಇಲ್ಲ, ಇವರೊಬ್ಬರೇ ಹೋಗಬೇಕು. ಆ ಜಂಕ್ಷನ್ನಿನ ಮೂಲಕವೇ.

ಮರುದಿನ ಶುಕ್ರವಾರ ನನಗೆ ಸಾಲ್ಟ್ ಲೇಕಿನಲ್ಲಿ ಕೆಲಸವಿತ್ತು. ಚೀಟಿಯನ್ನು ಒಯ್ದು ಕೊಡಲು ಹತ್ತೂವರೆಗೆ ಅವನ ಮನೆಗೆ ಹೋದೆ. ಕುರ್ಚಿಯಲ್ಲಿ ಬನಿಯನ್ ಹಾಕಿಕೊಂಡು ಕೂತಿದ್ದ, ಕುತ್ತಿಗೆಯಲ್ಲಿ ಬೆವರು. "ಎದಿ ಸ್ವಲ್ಪ ಹಿಡದಂಗ ಆಗೈತಿ, ವಾಯು" ಎಂದ. ಡಾಕ್ಟರ ಹತ್ತಿರ ಹೋಗೋಣ ಎಂದೆ. "ಇದ ಮುಗೀಲಿ." ಬೆಳಿಗ್ಗೆಯೇ ಜಂಕ್ಷನ್ನಿನ ಸ್ಟೇಷನ್ ಮಾಸ್ತರರಿಗೆ ಫೋನ್ ಮಾಡಿ, ನಾಲ್ಕು ಹತ್ತರ ಪ್ಯಾಸೆಂಜರ್ ಇನ್ನೂ ಇದೆಯೇ, ಇನ್ನೂ ನಾಲ್ಕನೆಯ ಪ್ಲಾಟ್‌ಫಾರಂನಿಂದಲೇ ಹೊರಡುತ್ತದೆಯೇ ಎಂದು ಕೇಳಿ ಖಚಿತ ಮಾಡಿಕೊಂಡಿದ್ದ. ಶಾಂತಮ್ಮನಿಗೆ ಕಂಪ್ಯೂಟರ್ ಬಾರದು, ಆದ್ದರಿಂದ ಕೈಯಿಂದಲೇ ಬರೆದಿದ್ದ. ಇಳಿದ ಕೂಡಲೇ ಒಂದನೆಯ ಪ್ಲಾಟ್‌ಫಾರಂನಲ್ಲೇ ನೀರು ತುಂಬಿಸಿಕೊಳ್ಳಿರಿ, ನಾಲ್ಕರಲ್ಲಿ ನಲ್ಲಿಯಿಲ್ಲ. ಸೇತುವೆಗೆ ಮೆಟ್ಟಿಲು ನಲವತ್ತೆರಡು, ಸಾವಕಾಶ ಹತ್ತಿರಿ, ಗಾಡಿ ಅಲ್ಲೇ ನಿಂತಿರುತ್ತದೆ. ಹೋಟೆಲಿಗೆ ಹೋಗಬೇಡಿರಿ. ಬಲಗಡೆ ಕಿಟಕಿ, ಗುಡ್ಡ ಕಾಣುತ್ತದೆ.

ಲಕೋಟೆಗೆ ಹಾಕಿ ಅಂಟಿಸಿ ನನ್ನ ಕೈಗೆ ಕೊಟ್ಟ. ನಾನು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿದ್ದೆ.

"ತಾಳ, ತಾಳ. ಕೊಡಿಲ್ಲೆ."

ಲಕೋಟೆ ಇಸಿದುಕೊಂಡು ಬಿಚ್ಚಿದ. "ಶಾಂತಮ್ಮಗ ಹೋದ ತಿಂಗಳ ಕಣ್ಣಿನ ಆಪರೇಷನ್ ಆಗೈತಲ್ಲೋ. ಸಂಜಿಮುಂದ ಬಿಸಿಲು ಬಲಕ್ಕ ಹೊಡೀತೈತಿ." ಪೆನ್ನು ತೆಗೆದು ಕೊನೆಯ ಸಾಲನ್ನು ಹೊಡೆದು ಹಾಕಿ, ಕೆಳಗೆ ಎಡಗಡೆ ಕಿಟಕಿ ಎಂದು ಬರೆದ. ಲಕೋಟೆಯ ಅಂಟು ಹೋಗಿತ್ತು. ಒಲೆಯ ಮೇಲೆ ಅನ್ನ ಆಗಿತ್ತು, ತುಂಗಮ್ಮ ಸೌಟಿನ ತುದಿಯಲ್ಲಿ ನಾಲ್ಕು ಅಗಳು ತಂದುಕೊಟ್ಟರು. ಅವನು ಬಿಸಿ ಅಗಳನ್ನು ಬೆರಳಲ್ಲಿ ಹಿಸುಕಿ ಲಕೋಟೆಯ ಅಂಚಿಗೆ ಸವರಿ, ಮಡಿಚಿ, ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ಈ ತುದಿಯಿಂದ ಆ ತುದಿಯವರೆಗೆ ಒತ್ತಿದ.